ಹಾಲವ್ವನ ಮೂರು ಹರಳಿನ ಉಂಗುರ

ಹಾಲವ್ವನಷ್ಟು ಹೊಟ್ಟೆಕಿಚ್ಚಿನ ಹೆಂಗಸನ್ನು ಮುಧೋಳದ ನಮ್ಮ ಓಣಿ ಕಂಡಿಲ್ಲ. ನೆರೆಮನೆಯವಳಾಗಿ ನಾನೇ ಇದನ್ನು ಹೇಳಬೇಕು. ನನ್ನ ಹೊಸ ಫ್ರಿಜ್ ಕಂಡು ಆಕೆಗೆ ಏನೂ ಆಗಲಿಲ್ಲ, ತನ್ನ ತಂಗಿಯ ಮಹಡಿ ಮನೆ ಕಂಡೂ ಆಗಲಿಲ್ಲ. ಉರಿದದ್ದೆಲ್ಲ ಒಬ್ಬಳ ಮೇಲೆ, ಅವಳೂ ಸತ್ತವಳು. ಗಂಡ ಪರಮಾನಂದನ ಮೊದಲ ಹೆಂಡತಿ, ರನ್ನ ಬೆಳಗಲಿಯ ಶೈಲಾ.

ಶೈಲಾ ಮದುವೆಯಾದ ಸ್ವಲ್ಪ ದಿನಕ್ಕೇ ಕಾಮಾಲೆಯಿಂದ ತೀರಿಕೊಂಡಳು. ಆಮೇಲೆ ಅನಗವಾಡಿಯಿಂದ ಹಾಲವ್ವ ಬಂದಳು. ಆ ಮನೆತನದ ಪದ್ಧತಿಯಂತೆ, ಶೈಲಾಳ ತಾಳಿಯ ಚಿನ್ನದಿಂದ ಒಂದು ಗುಂಡು ಮಾಡಿಸಿ ಹಾಲವ್ವನ ಕೊರಳಸರದಲ್ಲಿ ಪೋಣಿಸಿದರು. ಸವತಿ ಗುಂಡು. ಸತ್ತವಳು ಮುನಿಯಬಾರದು ಎಂದು. ಬದುಕಿದವಳು ಮುನಿದರೆ ಏನು ಗತಿ ಎಂದು ಯಾವ ಹಿರಿಯರೂ ಯೋಚಿಸಲಿಲ್ಲ.

ಪರಮಾನಂದ ಸಕ್ಕರೆ ಕಾರ್ಖಾನೆಯ ನೌಕರ. ಕುಡಿಯುವವನಲ್ಲ, ಬಡಿಯುವವನಲ್ಲ. ಆದರೆ ಊಟಕ್ಕೆ ಕೂತರೆ ಶೈಲಾಳ ಎಣ್ಣೆಗಾಯಿಯ ಮಾತು, ಹಬ್ಬ ಬಂದರೆ ಶೈಲಾಳ ಹೋಳಿಗೆಯ ಮಾತು. ಸತ್ತ ಎಮ್ಮೆಗೆ ಹನ್ನೆರಡು ಸೇರು ಹಾಲು. ಹಾಲವ್ವನ ಕೈಯನ್ನಂತೂ ಮದುವೆಯ ದಿನ ಅಯ್ಯನವರು ಹಿಡಿಸಿದ್ದು ಬಿಟ್ಟರೆ ಅವನು ಮತ್ತೆ ಹಿಡಿಯಲಿಲ್ಲ.

ಮಗಳು ಕಾವ್ಯಳ ಮದುವೆ ಮುಗಿಸಿದ ವರ್ಷ ಹಾಲವ್ವನಿಗೆ ಉಂಗುರದ ಹುಚ್ಚು ಹತ್ತಿತು. ಶೈಲಾಳ ಮದುವೆ ಫೋಟೋವನ್ನು ಪೊಲೀಸರಂತೆ ತನಿಖೆ ಮಾಡಿ, ಅವಳ ಬೆರಳಲ್ಲಿ ಹರಳಿನ ಉಂಗುರ ಇರಲಿಲ್ಲವೆಂದು ಖಾತ್ರಿ ಮಾಡಿಕೊಂಡಿದ್ದಳು.

"ಆಕೀ ಕಡೆ ಇಲ್ಲದ್ದು ಒಂದರ ನನ್ನ ಕಡೆ ಇರಲಿ ಬೇ," ಎಂದಳು ನನಗೆ. "ಅವರ ಕಣ್ಣಿಗೆ ನನ್ನ ಕೈ ಬೀಳಬೇಕು."

ತವರಿನ ಮುರಿದ ಬುಗುಡಿಗಳನ್ನು ಸೆರಗಿಗೆ ಕಟ್ಟಿಕೊಂಡು ನನ್ನನ್ನೂ ಎಳೆದುಕೊಂಡು ಜಮಖಂಡಿಯ ಪತ್ತಾರ ಜ್ಞಾನೇಶ್ವರನ ಅಂಗಡಿಗೆ ಹೋದಳು. ನಡುವೆ ದೊಡ್ಡ ಪಚ್ಚೆ, ಒಂದು ಬದಿಗೆ ಕೆಂಪು, ಇನ್ನೊಂದು ಬದಿಗೆ ನೀಲ ಬೇಕೆಂದಳು. ಪತ್ತಾರ ಬುಗುಡಿ ತೂಗಿ ತಲೆ ಅಲ್ಲಾಡಿಸಿದ.

"ಇಷ್ಟು ಬಂಗಾರದಾಗ ಮೂರು ಹರಳು ಕೂಡಂಗಿಲ್ರಿ ವೈನಿ. ಪಚ್ಚಿ ಸಣ್ಣದು ಮಾಡೂಣೇನ್ರಿ?"

ಹಾಲವ್ವ ಕೊರಳಸರ ತೆಗೆದು, ದಾರವನ್ನು ಹಲ್ಲಿನಿಂದ ಕಡಿದು, ಸವತಿ ಗುಂಡನ್ನು ತಕ್ಕಡಿಗೆ ಹಾಕಿದಳು. "ಇದನ್ನೂ ಕರಗಸ್ರಿ."

"ಅವರನ್ನ ಒಂದು ಮಾತು ಕೇಳಬೇಕಿತ್ತಲ್ಲ," ಎಂದೆ ನಾನು.

"ಈಕೀನ ನನ್ನ ಕೊರಳಿಗೆ ಕಟ್ಟೂ ಮುಂದ ನನ್ನ ಯಾರು ಕೇಳಿದ್ರು?"

ಮೂಸೆಯ ಮುಂದೆಯೇ ಕುಳಿತಳು. ಗುಂಡು ತನ್ನ ಆಕಾರ ಕಳೆದುಕೊಂಡು ಬುಗುಡಿಯ ಚಿನ್ನದಲ್ಲಿ ಸೇರುವ ತನಕ ಕಣ್ಣು ಕೀಳಲಿಲ್ಲ. "ಹೋದ್ಲು," ಎಂದಳು. ದಾರಿಯುದ್ದಕ್ಕೂ ಆಕೆಯ ಹರಟೆ ನಿಲ್ಲಲಿಲ್ಲ.

ಉಂಗುರ ಚೆಂದವೇ ಆಗಿತ್ತು. ಸುಳ್ಳೇಕೆ, ನನಗೂ ಹೊಟ್ಟೆ ಉರಿಯಿತು. ಅದನ್ನು ತಂದ ಸಂಜೆ ನಾನು ಅವರ ಪಡಸಾಲೆಯಲ್ಲೇ ಚಹಾ ಕುಡಿಯುತ್ತಿದ್ದೆ. ಹಾಲವ್ವ ಗಂಡನಿಗೆ ಕಪ್ಪು ಕೊಡುತ್ತ ಬೆರಳು ಮುಂದೆ ಮಾಡಿದಳು. ಅವನು ನೋಡಿದ್ದು ಕೊರಳನ್ನು.

"ಗುಂಡು ಎಲ್ಲಿ?"

"ಇದರಾಗ ಐತಿ. ಕರಗಿಸಿಬಿಟ್ಟೆ." ಗೆದ್ದವಳ ದನಿ.

ಈಗ ಜಗಳವೆಂದು ನಾನು ಕಪ್ಪು ಕೆಳಗಿಟ್ಟೆ. ಪರಮಾನಂದ ಬೈಯಲಿಲ್ಲ. ಎರಡೂ ಕೈಗಳಿಂದ ಹೆಂಡತಿಯ ಕೈ ಹಿಡಿದುಕೊಂಡ. ಹರಳುಗಳತ್ತ ನೋಡಲೇ ಇಲ್ಲ, ಸುತ್ತಲಿನ ಚಿನ್ನವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದ.

"ಇದರಾಗ ಎಲ್ಲಿ ಅದಾಳ?"

ಹಾಲವ್ವ ಉಂಗುರದತ್ತ ನೋಡಿದಳು. ತಾನು ಮಾಡಿಕೊಂಡದ್ದು ಏನೆಂದು ಆಕೆಗೆ ಆಗಲೇ ತಿಳಿದದ್ದು.

"ಎಲ್ಲಾ ಕಡೆ," ಎಂದಳು.

ಅವನು ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡ. ಹಾಲವ್ವನ ಮುಖ ಕಪ್ಪಿಟ್ಟಿತು. ಕೈ ಕಿತ್ತುಕೊಂಡು ಉಂಗುರವನ್ನು ಅಂಗಳಕ್ಕೆ ಎಸೆಯುತ್ತಾಳೆ ಎಂದುಕೊಂಡೆ. ಎಸೆಯಲಿಲ್ಲ. ಅವನು ಬಿಡಲು ಹೋದಾಗ ತಡೆದಳು.

"ಇನ್ನೊಂದೀಟು ಹಿಡಕೊಳ್ರಿ," ಎಂದಳು.