ಬಟ್ಟೆಯೊಳಗಿನ ಬಾಟಲಿ

ನಮ್ಮ ಕಡಲೂರಿನಲ್ಲಿ ಬಲೆ ಹೆಣೆಯುವ ಕ್ವಾಮೆನಾ ಎಸುಮಾನ್‌ನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಎಲ್ಲರಿಗೂ ಅವನು ಜಿಪುಣಪ್ಪ. ಹೊಸ ಮೆಕ್ಕೆಜೋಳದ ಹಬ್ಬಕ್ಕೆ ಊರವರು ಆಡುವ ಅಜ್ಜಿಕತೆಯ ನಾಟಕದಲ್ಲಿ ಆ ಪಾತ್ರ ಯಾವಾಗಲೂ ಅವನದೇ.

ಕತೆ ಚಿಕ್ಕದು. ಹಬ್ಬಕ್ಕೆ ನೆಂಟರು ಹೆಂಡ ತರುತ್ತಾರೆ. ಮನೆಯ ಜಿಪುಣಪ್ಪ ಹೆಂಡತಿಯತ್ತ ತಿರುಗಿ, "ತಗೊಳ್ಳಲಾ?" ಎಂದು ಕೇಳುತ್ತಾನೆ. ಆಮೇಲೆ ಅದನ್ನು ಹೆಗಲ ಬಟ್ಟೆಯೊಳಗೆ ಸೇರಿಸಿ, ಪಿತೃಗಳು ಬಂದು ಕುಡಿದು ಹೋದರೆಂದು ಮಕ್ಕಳಿಗೆ ಹೇಳುತ್ತಾನೆ. ನಮ್ಮಲ್ಲಿ ಕತೆ ಕೇಳುವವರು ಬಾಯಿ ಮುಚ್ಚಿ ಕೂರುವುದಿಲ್ಲ. ಯಾರು ಬೇಕಾದರೂ ನಡುವೆ ಹಾಡು ಎತ್ತಬಹುದು. ಹಾಡು ಮುಗಿಯುವ ತನಕ ಕತೆ ಕಾಯಬೇಕು. ಕ್ವಾಮೆನಾ "ತಗೊಳ್ಳಲಾ?" ಎಂದದ್ದೇ ತಡ, ಮೀನು ಸುಡುವ ಮಾನ್ಸಜ್ಜಿ 'ಕೊಡಬೇಡಿ, ಅವನ ಕೈಗೆ ಕೊಡಬೇಡಿ' ಎಂದು ಶುರುಮಾಡುತ್ತಾಳೆ. ಊರೇ ದನಿಗೂಡಿಸುತ್ತದೆ.

ನಿಜವಾದ ಮನೆಯಲ್ಲಿ ಕ್ವಾಮೆನಾನಿಗೆ ಅಷ್ಟು ಮಾತೂ ಇಲ್ಲ. ನಮ್ಮಲ್ಲಿ ಮಕ್ಕಳು ತಾಯಿಯ ಕುಲದವರು, ಕುಲದ ಯಜಮಾನ ಹೆಂಡತಿಯ ಅಣ್ಣ ಕೋಜೊ ಅಮಿಸಾ. ಹಬ್ಬದ ಕುರಿಯ ತೊಡೆ ಪಿತೃಗಳ ಪಾಲೆಂದು ಯಜಮಾನನ ಮನೆಗೆ ಹೋಗುತ್ತದೆ, ಮಾರನೆಯ ದಿನ ಅವನ ಒಲೆಯ ಮೇಲೆ ಕುದಿಯುತ್ತದೆ. ಅದಕ್ಕೆ ಯಾರೂ ಹಾಡು ಕಟ್ಟಿಲ್ಲ.

ಮಗಳು ಎಕುವಾಳಿಗೆ ದೂರದ ಒಳನಾಡಿನ ಕುಮಾಸಿ ಕಡೆಯ ಸಂಬಂಧ ಗೊತ್ತಾಯಿತು. ಗಂಡಿನವರು ತರುವ ಜಿನ್ ಮದ್ಯದ ಬಾಟಲಿಯನ್ನು ಒಪ್ಪುವುದೆಂದರೆ ಮದುವೆಯನ್ನೇ ಒಪ್ಪಿದಂತೆ. ಅದಕ್ಕೆ ಮುನ್ನ ಮಗಳನ್ನು ಮೂರು ಸಲ ಕೇಳಬೇಕು. ಯಜಮಾನ ತಂದೆಗೆ ಬಿಟ್ಟುಕೊಟ್ಟಿದ್ದ ಕೆಲಸ ಅದೊಂದೇ. ಬಲೆಯ ಗಂಟು ಬಿಗಿಯುತ್ತ ಕ್ವಾಮೆನಾ ನನಗೆ ಹೇಳಿದ್ದ: "ಆವತ್ತೊಂದಿನ ಯಾರೂ ನಗದೇ ಇದ್ರೆ ಸಾಕು ಮಾರಾಯ. ಅವಳಿಗೆ ಅಪ್ಪ ಅಂತ ಒಬ್ಬ ಇದ್ದಾನೆ ಅನ್ನೋದು ಬಂದೋರಿಗೆ ಕಾಣ್ಲಿ."

ಆ ದಿನ ಅಂಗಳದಲ್ಲಿ ಎರಡೂ ಕಡೆಯವರು ಎದುರುಬದುರು ಕೂತರು. ಬಾಟಲಿ ನಡುವೆ ಬಂತು. ಕ್ವಾಮೆನಾ ಎದ್ದು, ಗಂಟಲು ಸರಿಮಾಡಿಕೊಂಡು, ಮಗಳತ್ತ ತಿರುಗಿದ.

"ತಗೊಳ್ಳಲಾ?"

ಮಾನ್ಸಜ್ಜಿಯ ಬಾಯಿ ಅವಳ ಮಾತು ಕೇಳಲಿಲ್ಲ. 'ಕೊಡಬೇಡಿ' ಎಂದು ಹೊರಟೇಬಿಟ್ಟಿತು. ಹೆಂಗಸರು ಚಪ್ಪಾಳೆ ತಟ್ಟಿದರು. ನಾಟಕ ಕಂಡರಿಯದ ಗಂಡಿನ ಕಡೆಯ ಹಿರಿಯ ಅದನ್ನು ಹೆಣ್ಣಿನವರ ಉತ್ತರವೆಂದೇ ತಿಳಿದು, ಮುಖ ಗಂಟಿಕ್ಕಿಕೊಂಡು ಬಾಟಲಿಯನ್ನು ವಾಪಸ್ ಒಯ್ಯಲು ಕೈ ಹಾಕಿದ. ಎಕುವಾ ತಲೆ ತಗ್ಗಿಸಿದಳು. ಯಜಮಾನ ಅಮಿಸಾ ಆಕಾಶ ನೋಡುತ್ತ ಕೂತ.

ಕ್ವಾಮೆನಾ ಹಾಡು ಮುಗಿಯುವವರೆಗೆ ನಿಂತ. ನಿಯಮ ನಿಯಮವೇ. ಆಮೇಲೆ ಹಿರಿಯನಿಗೆ, "ಸ್ವಾಮಿ, ಅದು ನನ್ ಮೇಲಿನ ಹಾಡು, ನಿಮ್ ಹುಡುಗನ ಮೇಲಿಂದಲ್ಲ. ನಾನಿನ್ನೂ ಕೇಳಿ ಮುಗಿಸಿಲ್ಲ," ಎಂದ. ಮತ್ತೆ ಕೇಳಿದ. ಯಾರೋ ಕಿಸಕ್ಕೆಂದರು. ಮೂರನೆಯ ಸಲ ನಾಟಕದ ದನಿಯನ್ನೇ ಬಿಟ್ಟು, ಜ್ವರ ಬಂದ ಮಗುವನ್ನು ವಿಚಾರಿಸುವಷ್ಟು ಮೆಲ್ಲಗೆ ಕೇಳಿದ. "ಎಕುವಾ, ನೀನು ಹ್ಞೂಂ ಅಂದ್ರೆ ಮಾತ್ರ ಕಣಮ್ಮ. ತಗೊಳ್ಳಲಾ?"

ಮಾನ್ಸಜ್ಜಿ ತೆರೆದ ಬಾಯನ್ನು ಹಾಗೇ ಮುಚ್ಚಿದಳು.

"ತಗೊಳ್ಳಪ್ಪ," ಎಂದಳು ಎಕುವಾ.

ಯಾರೂ ನಗಲಿಲ್ಲ. ಹಿರಿಯ ಎದ್ದು ನಿಂತು, ಎರಡೂ ಕೈಯಿಂದ ಬಾಟಲಿಯನ್ನು ಕ್ವಾಮೆನಾನಿಗೇ ಕೊಟ್ಟ. ಕ್ವಾಮೆನಾ ಮಗಳನ್ನೇ ನೋಡುತ್ತಿದ್ದ. ಕಣ್ಣು ತುಂಬಿತ್ತು. ಕೈ ಮಾತ್ರ ವರ್ಷಗಳ ರೂಢಿಯಂತೆ ಬಾಟಲಿಯನ್ನು ಹೆಗಲ ಬಟ್ಟೆಯೊಳಗೆ ಸೇರಿಸಿಬಿಟ್ಟಿತು.

ಅಂಗಳ ಬಿದ್ದು ಬಿದ್ದು ನಕ್ಕಿತು. ಕುಮಾಸಿಯವರೂ ನಕ್ಕರು; ಎಕುವಾ ಎಲ್ಲರಿಗಿಂತ ಜೋರಾಗಿ ನಕ್ಕಳು. ಕ್ವಾಮೆನಾ ಬಟ್ಟೆ ಕೊಡವಿ ಬಾಟಲಿಯನ್ನು ಹೊರತೆಗೆದ.

ಯಜಮಾನ ಅಮಿಸಾ ಒಬ್ಬನೇ ನಗಲಿಲ್ಲ. ಗಂಭೀರವಾಗಿ ಎದ್ದು, ಬಾಟಲಿಯನ್ನು ಭಾವಮೈದುನನ ಕೈಯಿಂದ ತೆಗೆದುಕೊಂಡ. ಮಣ್ಣಿಗೆ ನಾಲ್ಕು ಹನಿ ಚಿಮುಕಿಸಿ, ಉಳಿದದ್ದು ಪಿತೃಗಳದೆಂದು ಸಾರಿ, ತನ್ನ ಕೋಣೆಗೆ ಒಯ್ದು ಬಾಗಿಲು ಹಾಕಿದ.

ಎಲ್ಲರೂ ಗೌರವದಿಂದ ತಲೆಬಾಗಿದರು.