ನೀಲಮ್ಮ ವೈನಿ ನೋಡಿದ ಸಿನಿಮಾ

ಹೋದ ವಾರ ಕಲಬುರಗಿಯಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ನನ್ನ ಸರದಿ ಬರುವವರೆಗೆ ಹೊರಗಿನ ಕುರ್ಚಿಯಲ್ಲಿ ದವಡೆ ಹಿಡಿದುಕೊಂಡು ಕುಳಿತಿದ್ದಾಗ ಎದುರಿನ ಟಿವಿಯಲ್ಲಿ ಒಂದು ಹಳೆಯ ಸಿನಿಮಾ ನಡೆದಿತ್ತು. ಸದ್ದು ಬಂದ್ ಮಾಡಿದ್ದರು. ಯಾರೂ ನೋಡುತ್ತಿರಲಿಲ್ಲ, ಎಲ್ಲರಿಗೂ ಅವರವರ ಹಲ್ಲಿನದೇ ಚಿಂತೆ. ತೆರೆಯ ಮೇಲೆ ಬಿಳಿ ಟೋಪಿಯ ಮಂತ್ರಿಯೊಬ್ಬ ಕತ್ತರಿ ಹಿಡಿದು ರಿಬ್ಬನ್ನಿನ ಮುಂದೆ ನಿಂತಿದ್ದ. ಅವನು ರಿಬ್ಬನ್ ಕತ್ತರಿಸುವ ಮೊದಲೇ ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಹಲ್ಲುನೋವಿನವನು ನಗುವುದನ್ನು ನೀವು ನೋಡಿರಲಿಕ್ಕಿಲ್ಲ. ಪಕ್ಕದ ಹೆಣ್ಣುಮಗಳು ತನ್ನ ಕುರ್ಚಿಯನ್ನು ಮೆಲ್ಲಗೆ ಆಚೆ ಸರಿಸಿದಳು.

ಆ ಸಿನಿಮಾದ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ನೀವು ನನ್ನ ಮಾತು ಬಿಟ್ಟು ಅದರ ಹಾಡುಗಳ ಹಿಂದೆ ಹೋಗುತ್ತೀರಿ. ಕತೆ ಮಾತ್ರ ಇಷ್ಟು. ಒಂದು ಊರಿಗೆ ಸರಕಾರಿ ಆಸ್ಪತ್ರೆ ಮಂಜೂರಾಗುತ್ತದೆ. ಕಟ್ಟಿದ್ದು ಎದುರಿನ ಗೋಡೆ ಮತ್ತು ಬಾಗಿಲು ಮಾತ್ರ. ಅಲ್ಲಿಗೆ ಬಂದ ನರ್ಸು ಗೋಡೆಯ ಮುಂದೆ ಮೇಜು ಹಾಕಿಕೊಂಡು ರೋಗಿಗಳನ್ನು ನೋಡತೊಡಗುತ್ತಾಳೆ. ಅವಳನ್ನು ಎಬ್ಬಿಸಿ ಕಳಿಸಲು ಮಂತ್ರಿ ತನ್ನ ಭಾಷಣ ಬರೆಯುವ ತರುಣನನ್ನು ಕಳಿಸುತ್ತಾನೆ. ಅವನು ಅವಳನ್ನು ಎಬ್ಬಿಸುವುದು ಬಿಟ್ಟು ಪ್ರೀತಿಸುತ್ತಾನೆ. ಕಡೆಗೆ ಉದ್ಘಾಟನೆಯ ದಿನ ಮಂತ್ರಿ ಗತ್ತಿನಿಂದ ಬಾಗಿಲು ತೆಗೆದರೆ ಹಿಂದೆ ಬಯಲು, ಬಯಲಲ್ಲಿ ನಾಲ್ಕು ಆಡು. ಒಂದು ಆಡು ಬಾಗಿಲು ದಾಟಿ ಬಂದು ಅವನ ಕೊರಳ ಹಾರಕ್ಕೆ ಬಾಯಿ ಹಾಕುತ್ತದೆ.

ಅದನ್ನು ನಾನು ನೋಡಿದ್ದು ಜೇವರ್ಗಿಯ ತಗಡಿನ ಥೇಟರಿನಲ್ಲಿ, ಎಂಬತ್ತರ ದಶಕದ ನಡು ದಾಟಿದ ಮೇಲೆ. ನಮ್ಮೂರು ನೆಲೋಗಿಯ ಆಚೆ. ಸಿನಿಮಾ ನೋಡಬೇಕೆಂದು ನಾವು ಜೇವರ್ಗಿಗೆ ಹೋಗಿರಲಿಲ್ಲ. ಮಂಡಲ ಪಂಚಾಯ್ತಿಗೆ ಮೊದಲ ಚುನಾವಣೆ ಬಂದಿತ್ತು. ಹೆಂಗಸರಿಗೂ ಕೆಲವು ಜಾಗ ಮೀಸಲಿದ್ದವು. ನಮ್ಮ ಊರಗೌಡರು ನನ್ನ ಅಣ್ಣ ಶರಣಪ್ಪನನ್ನು ಕರೆಸಿ, "ನಿನ್ನ ಹೇಣ್ತಿ ಹೆಸರು ಹಾಕೋ. ಕೆಲಸೆಲ್ಲ ನಾ ನೋಡಕೋತೇನಿ" ಎಂದಿದ್ದರು. ಅಣ್ಣ ಗೌಡರ ಬಲಗೈ. ಗೌಡರು ಕೆಮ್ಮಿದರೆ ಇವನಿಗೆ ನೀರಡಿಕೆಯಾಗುತ್ತಿತ್ತು. ಮನೆಗೆ ಬಂದು ನಮ್ಮ ಅತ್ತಿಗೆ ನೀಲಮ್ಮ ವೈನಿಗೆ, "ನಾಳಿ ಜೇವರ್ಗಿಗಿ ಹೋಗೋದದ, ಛಲೋ ಸೀರಿ ಉಟ್ಕೊ" ಎಂದು ಮಾತ್ರ ಹೇಳಿದ. ಯಾಕೆಂದು ಹೇಳಲಿಲ್ಲ. ಬಿ.ಎ. ಎರಡನೆಯ ವರ್ಷದಲ್ಲಿದ್ದ ನಾನು ಅರ್ಜಿ ತುಂಬಲಿಕ್ಕೆಂದು ಜೊತೆಗೆ ಹೊರಟೆ.

ತಹಸೀಲ್ ಕಚೇರಿಯಲ್ಲಿ ಗುಮಾಸ್ತರು ಕೇಳಿದ ಪ್ರಶ್ನೆಗಳಿಗೆಲ್ಲ ಅಣ್ಣನೇ ಉತ್ತರ ಕೊಟ್ಟ. ಹೆಸರೇನು, ವಯಸ್ಸೆಷ್ಟು, ಎಷ್ಟು ಓದಿದ್ದಾರೆ. ಗುಮಾಸ್ತರು ಪೆನ್ನು ಕೆಳಗಿಟ್ಟು, "ಅವರು ಮಾತಾಡಂಗಿಲ್ಲೇನ್ರಿ?" ಎಂದರು.

"ಮಾತಾಡ್ತಾಳ್ರಿ," ಎಂದ ಅಣ್ಣ. "ಮನ್ಯಾಗ."

ವೈನಿ ಸೆರಗಿನ ಅಂಚು ಕಚ್ಚಿ ಹಿಡಿದಿದ್ದಳು. ನಗು ತಡೆಯಲಿಕ್ಕೋ ಸಿಟ್ಟು ತಡೆಯಲಿಕ್ಕೋ ನನಗೆ ಗೊತ್ತಾಗಲಿಲ್ಲ. ಅವಳ ತವರು ಅಫಜಲಪುರದ ಕಡೆ, ಭೀಮೆಯ ದಂಡೆಯ ಊರು. ನಾಲ್ಕನೆಯ ಇಯತ್ತೆ ಓದಿದ್ದಳು. ಸಹಿ ಮಾಡುವಾಗ ಕಾಗದವನ್ನು ಎಡಗೈಯಿಂದ ಒತ್ತಿ ಹಿಡಿದು, ರೊಟ್ಟಿ ತಟ್ಟಿದಷ್ಟೇ ಗಮನವಿಟ್ಟು ತನ್ನ ಹೆಸರು ಬರೆದಳು.

ಕೆಲಸ ಮುಗಿದಾಗ ಮಧ್ಯಾಹ್ನ. ಊರಿನ ಬಸ್ಸಿಗೆ ಇನ್ನೂ ಮೂರು ತಾಸು ಇತ್ತು. ಬಿಸಿಲಲ್ಲಿ ಕಾಯುವುದಕ್ಕಿಂತ ಒಳಗೆ ಕೂಡುವುದು ವಾಸಿ ಎಂದು ಅಣ್ಣ ಥೇಟರಿಗೆ ಕರೆದುಕೊಂಡು ಹೋದ. ಅಲ್ಲಿ ಹೆಂಗಸರಿಗೆ ಒಂದು ಕಡೆ, ಗಂಡಸರಿಗೆ ಒಂದು ಕಡೆ. ನಡುವೆ ಸೊಂಟದೆತ್ತರದ ಗೋಡೆ. ವೈನಿ ಗೋಡೆಯ ಆಚೆ, ನಾವಿಬ್ಬರು ಈಚೆ. ನನಗಂತೂ ನರ್ಸಿನ ಪಾತ್ರದ ನಟಿಯ ಮೇಲೆ ಹತ್ತೇ ನಿಮಿಷದಲ್ಲಿ ಮನಸ್ಸಾಯಿತು. ಭಾಷಣ ಬರೆಯುವ ತರುಣ ನಾನೇ ಎಂದುಕೊಂಡು, ಅವನು ಮಾಡಿದ ತಪ್ಪುಗಳನ್ನು ಮನಸ್ಸಿನಲ್ಲೇ ತಿದ್ದುತ್ತ ಕುಳಿತೆ. ಪಕ್ಕದಲ್ಲಿ ಯಾರು ಏನು ಮಾಡುತ್ತಿದ್ದಾರೆ ಎಂಬ ಖಬರು ನನಗಿರಲಿಲ್ಲ.

ಬಸ್ಸಿನಲ್ಲಿ ವೈನಿ ಒಂದು ಮಾತೂ ಆಡಲಿಲ್ಲ. ಸಿನಿಮಾ ತಲೆಯಲ್ಲಿ ಓಡುತ್ತಿರಬೇಕು ಎಂದುಕೊಂಡೆ.

ಎದುರಿಗೆ ಯಾರೂ ನಿಲ್ಲದೆ ವೈನಿ ಮೆಂಬರಾದಳು. ಗೌಡರು ಮಂಡಲದ ಪ್ರಧಾನರಾದರು. ಮೀಟಿಂಗಿನ ರಿಜಿಸ್ಟರು ಮನೆಗೇ ಬರುತ್ತಿತ್ತು; ಅಣ್ಣ ಬೆರಳಿಟ್ಟು ತೋರಿಸಿದಲ್ಲಿ ವೈನಿ ಸಹಿ ಮಾಡುತ್ತಿದ್ದಳು. ಒಂದು ಸಲ, "ಏನ್ ಬರದಾರ ಇದರಾಗ?" ಎಂದು ಕೇಳಿದಳು. "ನಿನಗ್ಯಾಕ ಬೇ ಅದೆಲ್ಲ" ಎಂದ ಅಣ್ಣ. ಅವನು ಕೆಟ್ಟವನಲ್ಲ. ಗೌಡರ ಹೊಲವನ್ನೇ ಪಾಲಿಗೆ ಮಾಡುತ್ತಿದ್ದ. ನಮ್ಮ ಅಪ್ಪ ತೀರಿಕೊಂಡಾಗ ಮನೆ ಹಿಡಿದು ನಿಲ್ಲಿಸಿದವನು ಅವನೇ. ಯಾರೊಡನೆಯೂ ಎದುರು ಮಾತಾಡದೆ ಬದುಕು ಸಾಗಿಸಬೇಕೆಂದು ಅವನು ಬಹಳ ಸಣ್ಣ ವಯಸ್ಸಿನಲ್ಲೇ ಕಲಿತಿದ್ದ.

ಊರಿಗೆ ಒಂದು ಬಾಲವಾಡಿ ಕಟ್ಟಡ ಇತ್ತು. ಕಲ್ಲು, ಗಾರೆ, ತಗಡು, ಹಸಿರು ಬಾಗಿಲು, ಎಲ್ಲವೂ ಚೆಂದ. ಒಳಗೆ ಮಾತ್ರ ಗೌಡರ ಜೋಡೆತ್ತು. ಮೂಲೆಯಲ್ಲಿ ಜೋಳದ ಕಣಕಿಯ ಮೇವು. ಮಕ್ಕಳು ಹೊರಗೆ ಬೇವಿನ ಗಿಡದ ಕೆಳಗೆ ಕೂತು ಅ ಆ ಹೇಳುತ್ತಿದ್ದವು. ಇದನ್ನು ನಾವೆಲ್ಲ ದಿನಾ ನೋಡುತ್ತಿದ್ದೆವು. ದಿನಾ ನೋಡಿದ್ದು ಕಣ್ಣಿಗೆ ಕಾಣುವುದಿಲ್ಲ ನೋಡಿ.

ಒಂದು ಬೆಳಿಗ್ಗೆ ಆ ಗಿಡದ ಬುಡದ ಕಲ್ಲಿನಿಂದ ಚೇಳು ಬಂದು, ನಮ್ಮ ಪಕ್ಕದ ಮನೆಯ ನಾಲ್ಕು ವರ್ಷದ ಕಾಶಿಬಾಯಿಗೆ ಕಡಿಯಿತು. ಮೈಯೆಲ್ಲ ಬೆವರಿ, ತುಟಿ ನಡುಗಿ, ಕೂಸು ಕಣ್ಣು ಮೇಲೆ ಮಾಡಿತು. ವೈನಿಯೇ ಅವಳನ್ನು ಎದೆಗವಚಿಕೊಂಡು ಸಿಕ್ಕ ಜೀಪು ಹತ್ತಿ ಜೇವರ್ಗಿಗೆ ಓಡಿದಳು. ಎರಡು ದಿನ ದವಾಖಾನೆಯಲ್ಲಿದ್ದು ಕೂಸು ಉಳಿಯಿತು. ಮೂರನೆಯ ದಿನ ಊರಿಗೆ ಬಂದ ವೈನಿ ಮುಖ ತೊಳೆಯಲಿಲ್ಲ, ಚಹಾ ಕುಡಿಯಲಿಲ್ಲ. ನೇರವಾಗಿ ನನ್ನೆದುರು ಬಂದು, "ತಮ್ಮಾ, ಮೀಟಿಂಗಿನ್ಯಾಗ ಹೆಂಗ ಮಾತಾಡ್ಬೇಕು, ಬರಕೊಡು" ಎಂದಳು.

ನನ್ನ ಭಾಗ್ಯದ ಬಾಗಿಲು ತೆರೆಯಿತು ಎಂದುಕೊಂಡೆ. ನಾಲ್ಕು ಪುಟ ಬರೆದೆ. "ಸಮಸ್ತ ಮಹಿಳಾ ಸಮುದಾಯದ ಪರವಾಗಿ" ಎಂದು ಶುರುವಾಗಿ, ಪ್ರಜಾಪ್ರಭುತ್ವದ ಬೇರು, ಭವ್ಯ ಭಾರತದ ಚಿಗುರು ಎಲ್ಲ ದಾಟಿ ಹೋಗುವ ಭಾಷಣ. ಎದ್ದು ನಿಂತು ಕೈ ಬೀಸಿ ಓದಿ ತೋರಿಸಿದೆ. ವೈನಿ ತಾಳ್ಮೆಯಿಂದ ಕೇಳಿ, "ಛಲೋ ಅದ ತಮ್ಮಾ. ಇದರಾಗ ಎತ್ತು ಎಲ್ಲಿ ಬರ್ತಾವ?" ಎಂದಳು.

ಎತ್ತು ಬಂದಿರಲಿಲ್ಲ. ನಾಲ್ಕು ಪುಟದಲ್ಲಿ ಎಲ್ಲಿಯೂ.

ಮುಂದಿನ ಮೀಟಿಂಗಿಗೆ ಅಣ್ಣ ಬೇಡವೆಂದರೂ ಅವಳೇ ಹೋದಳು. ನಾನು ಕಿಟಕಿಯ ಹೊರಗೆ ನಿಂತಿದ್ದೆ. ವೈನಿ ಎದ್ದು, "ಗೌಡ್ರ, ಬಾಲವಾಡಿ ಖಾಲಿ ಮಾಡ್ಬೇಕ್ರಿ" ಎಂದಳು. ಅಷ್ಟೇ. ಒಂದೇ ವಾಕ್ಯ. ಗೌಡರು ಸುತ್ತ ಕೂತವರನ್ನು ನೋಡಿ ನಕ್ಕು, "ಎತ್ತಿಗಿ ಬ್ಯಾರೆ ಜಾಗ ಎಲ್ಲದ ನೀಲವ್ವಾ? ಹುಡುಗರ ಮಾತು ಬ್ಯಾರೆ. ಅವು ಎಲ್ಲಿ ಬೇಕಲ್ಲಿ ಕುಂಡರ್ತಾವ" ಎಂದರು. ಎಲ್ಲರೂ ನಕ್ಕರು.

"ಎಲ್ಲಿ ಬೇಕಲ್ಲೇನ್ರಿ?"

"ಹೌದವ್ವಾ, ಎಲ್ಲಿ ಬೇಕಲ್ಲಿ."

"ಛಲೋ ಆತ್ರಿ," ಎಂದು ವೈನಿ ಕೂತುಬಿಟ್ಟಳು.

ಮರುದಿನ ಬೆಳಿಗ್ಗೆ ಗೌಡರು ಲಿಂಗಪೂಜೆ ಮುಗಿಸಿ ಹೊರಗೆ ಬಂದರೆ ಅವರ ಪಡಸಾಲೆಯ ತುಂಬ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು. ಪಾಟಿ, ಬಳಪ, ಸುರಿಯುವ ಮೂಗು. ಗೌಡರು ಕೂಡುವ ಗಾದಿಯ ಮೇಲೆ ಚೇಳು ಕಡಿದ ಕಾಶಿಬಾಯಿ ಕಾಲು ಚಾಚಿ ಕೂತಿದ್ದಳು. ಬಾಲವಾಡಿ ಟೀಚರು ಹೆದರಿ ಕಂಬಕ್ಕೆ ಅಂಟಿಕೊಂಡಿದ್ದರು. ವೈನಿ ನಡುವೆ ನಿಂತು ಅ ಆ ಹೇಳಿಕೊಡುತ್ತಿದ್ದಳು.

"ಏನಿದು ನೀಲವ್ವಾ?"

"ನಿಮ್ಮ ಎತ್ತು ನಮ್ಮ ಹುಡುಗರ ಮನ್ಯಾಗ ಅದಾವಲ್ರಿ ಗೌಡ್ರ. ಅದಕ್ಕ ನಮ್ಮ ಹುಡುಗರು ನಿಮ್ಮ ಮನಿಗಿ ಬಂದಾವು. ಎತ್ತು ಹೋಗೂತನಾ ಇರ್ತಾವ್ರಿ."

ಊರು ಕೂಡಿತು. ಗೌಡರು ಅಣ್ಣನಿಗೆ ಹೇಳಿಕಳಿಸಿದರು. ಅಣ್ಣ ಹಿಂದಿನ ದಿನದಿಂದ ವೈನಿಯ ಜೊತೆ ಮಾತು ಬಿಟ್ಟಿದ್ದ. ಅವಳು ಮನೆಯಿಂದ ಹೊರಟಾಗ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಈಗ ಬಂದು ಪಡಸಾಲೆಯ ಮೆಟ್ಟಿಲ ಹತ್ತಿರ ನಿಂತ. ತಲೆಗೆ ಸುತ್ತಿದ ರುಮಾಲು ಬಿಚ್ಚಿದ, ಮತ್ತೆ ಸುತ್ತಿದ. ಪಾಲಿನ ಹೊಲ ಹೋದರೆ ಮನೆ ನಡೆಯುವುದು ಹೇಗೆ, ನನ್ನ ಓದು ಏನಾಗಬೇಕು ಎಂದು, ಸುಳ್ಳೇಕೆ ಹೇಳಲಿ, ನಾನು ಅದನ್ನೇ ಯೋಚಿಸುತ್ತಿದ್ದೆ.

"ಶರಣಪ್ಪಾ," ಎಂದರು ಗೌಡರು, "ನಿನ್ನ ಹೇಣ್ತಿನ ಕರಕೊಂಡು ನಡಿ."

ಅಣ್ಣ ವೈನಿಯನ್ನು ನೋಡಿದ. ಅವಳು ಅವನನ್ನೇ ನೋಡುತ್ತಿದ್ದಳು.

"ಗೌಡ್ರ," ಎಂದ ಅಣ್ಣ. "ಮೆಂಬರು ಅಕಿ ಅದಾಳ್ರಿ. ನಾ ಅಲ್ಲ."

ಹೇಳಿ ಮುಗಿಸಿ ಚಪ್ಪಲಿ ಬಿಟ್ಟು ಮೇಲೆ ಹತ್ತಿದ. ಮಕ್ಕಳ ನಡುವೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ. ವೈನಿ ಸೆರಗು ಬಾಯಿಗಡ್ಡ ಹಿಡಿದಳು. ಒಂದು ಗಳಿಗೆಯ ನಂತರ, "ಹೂಂ, ಎಲ್ಲಾರೂ ಅನ್ರಿ, ಅ..." ಎಂದಳು. ನಮ್ಮ ಅಣ್ಣ ಕೂಡ "ಅ" ಎಂದ.

ಆಗ ಒಳಗಿನಿಂದ ಒಂದು ನಗು ಕೇಳಿಸಿತು. ಗೌಡರ ಹೆಂಡತಿ, ಮುಂದಿನ ಪಡಸಾಲೆಗೆ ಎಂದೂ ಬರದವರು, ಬುಟ್ಟಿ ತುಂಬ ಚುರುಮುರಿ ಹಿಡಿದು ಹೊಸ್ತಿಲ ಮೇಲೆ ನಿಂತಿದ್ದರು. "ಕೂಸುಗಳು ಹಸದಿರ್ತಾವ, ಕೊಡವ್ವಾ ನೀಲವ್ವಾ. ನಾಳಿನೂ ಕರಕೊಂಡು ಬಾ. ಮನಿ ತುಂಬಿದಂಗ ಆಗ್ಯದ" ಎಂದರು. ಗೌಡರು ಅವರನ್ನು ನೋಡಿದರು, ಗಾದಿಯ ಮೇಲಿನ ಕಾಶಿಬಾಯಿಯನ್ನು ನೋಡಿದರು. ಅವಳು ಚುರುಮುರಿಯ ಮುಷ್ಟಿಯನ್ನು ಅವರತ್ತ ಚಾಚಿ "ತಿಂತೀಯೇನು ಮುತ್ಯಾ?" ಎಂದಳು. ಗೌಡರ ಮೀಸೆ ಅಲುಗಿತು. ಅದು ಸಿಟ್ಟಲ್ಲ ಎಂದು ಇಡೀ ಊರಿಗೆ ಒಮ್ಮೆಲೇ ತಿಳಿಯಿತು.

ಮಕ್ಕಳು ಮರುದಿನವೂ ಹೋದವು. ಅದರ ಮರುದಿನ ಎತ್ತುಗಳು ಗೌಡರ ಹಿತ್ತಲಿಗೆ ಹೋದವು. ಕಟ್ಟಡ ತೊಳೆದು ಸುಣ್ಣ ಬಳಿದವರಲ್ಲಿ ಅಣ್ಣ ಮೊದಲಿಗ. ಪಾಲಿನ ಹೊಲ ಹೋಗಲಿಲ್ಲ. ಆದರೆ ಆ ವರ್ಷ ಗೌಡರು ಅಣ್ಣನ ಜೊತೆ ನೆಟ್ಟಗೆ ಮಾತಾಡಲಿಲ್ಲ. ರಿಜಿಸ್ಟರು ಮನೆಗೆ ಬರುವುದೂ ನಿಂತಿತು. ವೈನಿಯೇ ಅಲ್ಲಿಗೆ ಹೋಗಿ, ಅಕ್ಷರ ಅಕ್ಷರ ಕೂಡಿಸಿ ಓದಿ ಸಹಿ ಮಾಡುತ್ತಿದ್ದಳು. ಅವಳು ಓದಿ ಮುಗಿಸುವವರೆಗೆ ಉಳಿದವರು ಎರಡು ಸಲ ಚಹಾ ಕುಡಿಯುತ್ತಿದ್ದರಂತೆ.

ಮುಂದೆ ನಾನು ಮಾಸ್ತರನಾಗಿ ಆಳಂದದಲ್ಲಿದ್ದಾಗ ಈ ಕತೆಯನ್ನು ಎಷ್ಟು ಸಲ ಹೇಳಿದ್ದೇನೋ. ಸಿನಿಮಾಕ್ಕೆ ಎಂಥ ಶಕ್ತಿ ಇದೆ ನೋಡಿ, ಆ ನರ್ಸನ್ನು ಕಂಡೇ ನಮ್ಮ ವೈನಿಗೆ ಧೈರ್ಯ ಬಂತು ಎಂದು ಹೇಳಿ, ಚಪ್ಪಾಳೆಯನ್ನೂ ಗಿಟ್ಟಿಸಿದ್ದೇನೆ. ಹೋದ ವಾರ ಹಲ್ಲು ಕೀಳಿಸಿಕೊಂಡು ಮನೆಗೆ ಬಂದವನೇ, ಬಾಯಲ್ಲಿ ಅರಳೆ ಇದ್ದಂತೆಯೇ ವೈನಿಗೆ ಫೋನು ಮಾಡಿದೆ. ಆ ಸಿನಿಮಾ ನೋಡಿದೆ ಎಂದೆ.

"ಯಾವದು ತಮ್ಮಾ? ಆಡು ಬರ್ತದಲ್ಲ, ಅದೇನು? ನಾ ಅದನ್ನ ಅರ್ಧಾನೂ ನೋಡಿಲ್ಲ."

"ಮತ್ತೇನ್ ನೋಡಿದ್ರಿ ಮೂರು ತಾಸು?"

"ನಿಮ್ಮಣ್ಣನ್ನ. ಗ್ವಾಡಿ ಮ್ಯಾಲಿಂದ ಕಾಣ್ತಿದ್ದ. ಆ ಮಂತ್ರಿ ಬಾಯಿ ತೆಗದಾಗೊಮ್ಮೆ ತೊಡಿ ಬಡಕೊಂಡು ನಗಾಕತ್ತಿದ್ದ, ಕಣ್ಣಾಗ ನೀರು ಬರೂತನಾ. ಮಂತ್ರಿ ಥೇಟ್ ನಮ್ಮ ಗೌಡ್ರಂಗ ಇದ್ದ ನೋಡು. ಲಗ್ನಾಗಿ ಎಂಟು ವರ್ಷಕ್ಕ ಅವತ್ತು ಗೊತ್ತಾತು, ಇಂವಗೂ ಎಲ್ಲಾ ತಿಳೀತದ ಅಂತ. ಬಸ್ಸಿನ್ಯಾಗ ಅದೇ ವಿಚಾರ ಮಾಡ್ಕೋತ ಬಂದೆ. ನಾ ಮೊದಲ ಹೋದ್ರ ಇಂವ ಹಿಂದ ಬರ್ತಾನ ಅನ್ನಸ್ತು."

ನಾನು ಅವನ ಭುಜಕ್ಕೆ ಭುಜ ತಾಗಿಸಿ ಕೂತಿದ್ದೆನಲ್ಲ, ನನಗೆ ಕಂಡಿರಲಿಲ್ಲ. ಫೋನು ಅಣ್ಣನಿಗೆ ಕೊಡಲು ಹೇಳಿದೆ. ಎಪ್ಪತ್ತರ ಹತ್ತಿರ ಬಂದಿದ್ದಾನೆ. ದನಿ ಇನ್ನೂ ಗಟ್ಟಿ.

"ಅಣ್ಣಾ, ಅವತ್ತು ಯಾಕ ಅಷ್ಟು ನಕ್ಕಿದ್ದಿ?"

ಅವನು ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸಿದ್ದು ಕೇಳಿಸಿತು.

"ಕತ್ತಲಾಗಿತ್ತಲ್ಲೋ," ಎಂದ. "ಯಾರೂ ನೋಡಂಗಿಲ್ಲ ಅಂದ್ಕೊಂಡಿದ್ದೆ."

ಆಚೆ ಬದಿಯಲ್ಲಿ ವೈನಿ ನಗುವುದು ಕೇಳಿಸಿತು, ಆಮೇಲೆ ಅವನದೂ. ಅರಳೆಯ ಸಂದಿಯಿಂದ ನಾನೂ ನಕ್ಕೆ, ನೋವಾಯಿತು. ಈ ಭಾನುವಾರ ಊರಿಗೆ ಹೋಗುತ್ತಿದ್ದೇನೆ. ಕತೆಯನ್ನು ಇನ್ನು ಅವರಿಬ್ಬರೇ ಹೇಳಲಿ, ನಾನು ಕೇಳುತ್ತೇನೆ.