ರುಬೆನ್ ಹೊದಿಸಿದ ಶಾಲು

ಗ್ಯಾರೇಜು ಗುಡಿಸುತ್ತಿದ್ದ ಹೆಂಡತಿ ಹಳೆಯ ಸೂಟ್‌ಕೇಸಿನಿಂದ ಪಟ್ಟೆಪಟ್ಟೆಯ ಪೊಂಚೊ ಎಳೆದು, "ಈ ಮೆಕ್ಸಿಕನ್ ಕಂಬಳೀನ ಡೊನೇಟ್ ಮಾಡೋಣ್ವಾ?" ಅಂದಳು. ಬೇಡ ಅಂದೆ. ಜೀವಮಾನದಲ್ಲಿ ನನಗೆ ಸಿಕ್ಕ ಒಂದೇ ಸನ್ಮಾನದ ಶಾಲು ಅದು. ಮದುವೆಗೆ ಮುಂಚಿನ ಕಥೆ, ಅವಳಿಗೆ ಹೇಳಿಲ್ಲ, ನಿಮಗೆ ಹೇಳುತ್ತೇನೆ.

ಐಟಿ ಉಬ್ಬರದ ಕಾಲ. ಅಮೆರಿಕದ ಪಿಸ್ಕಾಟವೇಯಲ್ಲಿ ನನ್ನ ಜೊತೆಯವರೆಲ್ಲ ಷೇರು ಕೊಂಡರು, ನಾನು ಟ್ರಂಪೆಟ್ ಕೊಂಡೆ. ಕೊನೆಗೆ ಷೇರುಗಳೂ ಅಷ್ಟೇ ಅಪಸ್ವರ ನುಡಿದವು ಅನ್ನಿ. ಶನಿವಾರ ನನಗೆ ಕಲಿಸುತ್ತಿದ್ದವನು ರುಬೆನ್ ಎಂಬ ಜಾಝ್ ವಾದಕ. ಹುಟ್ಟಿದ್ದು ಟೆಕ್ಸಸ್ಸಿನ ಗಡಿಯಲ್ಲಿ. ಹೊಳೆಯ ಈಚೆ ಶಾಲೆ, ಆಚೆ ಮೆಕ್ಸಿಕೋದಲ್ಲಿ ಅಜ್ಜಿ. ಈಚೆಯವರು ಅವನನ್ನು ಆಚೆಯವನು ಅಂದರು, ಆಚೆಯವರು ಈಚೆಯವನು ಅಂದರು. ಅವನ ಪಾಠಕ್ಕೆ ಒಂದೇ ನಿಯಮ: ಊದುವ ಮೊದಲು ಬಾಯಲ್ಲಿ ಹಾಡಬೇಕು, ಅದೂ ನಮ್ಮ ನಮ್ಮ ಅಜ್ಜಿ ಬೈಯುತ್ತಿದ್ದ ಲಯದಲ್ಲಿ.

ನಾನು "ದಯವಿಟ್ಟು ಒಳಗೆ ಬನ್ನಿ" ಅನ್ನುವ ಧಾಟಿಯಲ್ಲಿ ಹಾಡಿದೆ. ಅವನು ತಲೆಯಾಡಿಸಿ, "ಈ ಅಜ್ಜಿ ಯಾರನ್ನೂ ಬೈದವಳಲ್ಲ. ನಿಜವಾದವಳನ್ನ ಕರ್ಕೊಂಡು ಬಾ," ಅಂದ.

ನಿಜವಾದವಳು ನಿಪ್ಪಾಣಿಯವಳು. ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ಬೈಯುತ್ತಿದ್ದಳು. ಆದರೆ ನಾನು ಇಲ್ಲಿನ ಕನ್ನಡ ಸಂಘಕ್ಕೆ ಕಾಲಿಟ್ಟ ದಿನವೇ ಮೈಸೂರಿನ ಆಂಟಿಯೊಬ್ಬರು ನನ್ನ ಮಾತು ಕೇಳಿ, "ನೀವು ಕನ್ನಡದವರೇನಾ?" ಅಂತ ನಕ್ಕಿದ್ದರು. ಅಂದಿನಿಂದ ಇಸ್ತ್ರಿ ಮಾಡಿದ ಮೈಸೂರು ಕನ್ನಡವನ್ನೇ ತೊಟ್ಟು ಓಡಾಡಿ, ಎರಡೇ ವರ್ಷದಲ್ಲಿ ಸಂಘದ ಸಾಂಸ್ಕೃತಿಕ ಕಾರ್ಯದರ್ಶಿಯಾದೆ. ಅಜ್ಜಿಯನ್ನು ಬಿಟ್ಟುಕೊಟ್ಟು ಗಳಿಸಿದ ಪದವಿ.

ರಾಜ್ಯೋತ್ಸವಕ್ಕೆ ರುಬೆನ್‌ನನ್ನು ಕರೆದೆ. ಅಧ್ಯಕ್ಷರು, "ಮೆಕ್ಸಿಕನ್ ಅಲ್ವೇನ್ರೀ? ಡ್ರೆಸ್ಸು ಕಲರ್‌ಫುಲ್ಲಾಗಿರ್ಲಿ," ಅಂದರು. ಆಫೀಸಿನಲ್ಲಿ ಮ್ಯಾನೇಜರು "ನಿಮ್ಮೂರಲ್ಲಿ ಆನೆ ಮೇಲೆ ಸ್ಕೂಲಿಗೆ ಹೋಗ್ತೀರಾ?" ಎಂದಿದ್ದಕ್ಕೆ ವಾರವಿಡೀ ಉರಿದುಬಿದ್ದಿದ್ದ ನಾನೇ ಪಾರ್ಟಿ ಸಾಮಾನಿನ ಅಂಗಡಿಗೆ ಡ್ರೈವ್ ಮಾಡಿ ಈ ಪೊಂಚೊ ತಂದೆ.

ಅವನು ಕಪ್ಪು ಸೂಟಿನಲ್ಲಿ ಬಂದ. ವೇದಿಕೆ ಹತ್ತಿದವನ ಮುಂದೆ ಪೊಂಚೊ ಚಾಚಿದೆ.

"ಇದು ನಿನ್ನ ಐಡಿಯಾನಾ?"

"ಕಮಿಟಿದು," ಅಂದೆ.

ಅವನು ಅದನ್ನು ಬಿಡಿಸಿ ನನ್ನ ಹೆಗಲಿಗೇ ಹೊದಿಸಿದ. ಸಭೆ ಸನ್ಮಾನವೆಂದೇ ತಿಳಿದು ಚಪ್ಪಾಳೆ ತಟ್ಟಿತು. ಅಧ್ಯಕ್ಷರು ಓಡಿ ಬಂದು ಫೋಟೋಗೆ ನಿಂತರು. ಆ ಗದ್ದಲದಲ್ಲಿ ರುಬೆನ್ ನನ್ನ ಕಿವಿಯ ಬಳಿ ಕೇಳಿದ: "ನಿನ್ನಜ್ಜಿ ಈಗ ನೋಡಿದ್ರೆ ಏನಂತಿದ್ಲು?"

ಗೊತ್ತಿತ್ತು. ಫೋಟೋಗೆ ನಕ್ಕೆ. ಅವನು ಊದತೊಡಗಿದ, ಜನ ಬಿಸಿಬೇಳೆಬಾತಿನ ಸಾಲಿಗೆ ಎದ್ದರು. ನಾಚಿಕೆಯಿಂದ ಮುಂದಿನ ಶನಿವಾರ ನಾನು ಪಾಠಕ್ಕೆ ಹೋಗಲಿಲ್ಲ, ಆಮೇಲೂ ಹೋಗಲಿಲ್ಲ. ಈಗ ಅವನು ಎಲ್ಲಿದ್ದಾನೋ ತಿಳಿಯದು.

ಹೆಂಡತಿ ಪೊರಕೆ ಇಟ್ಟು ಒಳಗೆ ಹೋದಳು. ಸೂಟ್‌ಕೇಸಿನ ತಳದಲ್ಲಿ ಟ್ರಂಪೆಟ್ಟೂ ಇತ್ತು. ಪೊಂಚೊ ಹೊದ್ದು ನಿಂತು, ಬಾಯ್ತುಂಬ ಅಂದೆ: "ಏ ಗಾಢವಾ! ಕುಠೆ ಹೋಗಿದ್ಯೋ ಇಷ್ಟ ದಿನಾ? ನಾಚ್ಕಿ ಬರಂಗಿಲ್ಲೇನ್ ನಿನಗ?" ಮರಾಠಿಯಲ್ಲಿ ಕುಠೆ ಅಂದರೆ ಎಲ್ಲಿ, ಗಾಢವ ಅಂದರೆ ಕತ್ತೆ; ಮನೆಯಲ್ಲಿ ಅದೇ ನನ್ನ ಹೆಸರಾಗಿತ್ತು. ಅದೇ ಲಯದಲ್ಲಿ ಊದಿದೆ. ಸ್ವರ ತಪ್ಪಿತು, ಬೈಗುಳ ಮಾತ್ರ ಸ್ಪಷ್ಟವಾಗಿ ಕೇಳಿತು.

"ಯಾರ್ರೀ ಅದು ಗ್ಯಾರೇಜಲ್ಲಿ?" ಒಳಗಿನಿಂದ ಹೆಂಡತಿ ಕೂಗಿದಳು.

"ನಮ್ಮಜ್ಜಿ ಬಂದಾಳ," ಅಂದೆ.